ಸ್ಲೇಟಿನ ಮೇಲೆ ಮೂರು ಪದ: ಅರಕಲಗೂಡು ಕಡೆಯ ಒಂದು ಮನೆ ಆರೈಕೆ ಪ್ರಕರಣ

ಗುರುತು ಸಿಗಬಾರದೆಂದು ವಯಸ್ಸು, ಮನೆ ಮತ್ತು ಸಂಬಂಧಗಳ ವಿವರಗಳನ್ನು ಬದಲಿಸಿದ್ದೇನೆ. ಯಾರ ಹೆಸರನ್ನೂ ಬಳಸಿಲ್ಲ. ನಾನು ಹಾಸನದಿಂದ ಹಳ್ಳಿಗಳಿಗೆ ಹೋಗುವ, ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಒಂದು ಉಪಶಮನ ಆರೈಕೆ ತಂಡದ ಆಪ್ತಸಮಾಲೋಚಕಿ. ತಂಡದಲ್ಲಿ ಒಬ್ಬ ಯುವ ವೈದ್ಯರು, ಒಬ್ಬ ಹಿರಿಯ ಸಿಸ್ಟರ್ ಇದ್ದಾರೆ. ಹಳ್ಳಿಯ ಕಡೆಯಿಂದ ಆಶಾ ಕಾರ್ಯಕರ್ತೆಯೊಬ್ಬರು ಜೊತೆಯಾಗುತ್ತಾರೆ. ಆ ಮೂವರೂ ಆತ್ಮಹತ್ಯೆಯಿಂದ ತಮ್ಮವರೊಬ್ಬರನ್ನು ಕಳೆದುಕೊಂಡವರು. ಈ ಪ್ರಕರಣವನ್ನು ಬರೆದಿಡಬೇಕು ಎನಿಸಿದ್ದು ಆ ಕಾರಣಕ್ಕೆ. ಅಂಥ ನಷ್ಟ ಅನುಭವಿಸಿದವರು ರೋಗಿಯನ್ನು ಹೆಚ್ಚು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ ಎಂಬ ಮಾತನ್ನು ತರಬೇತಿಗಳಲ್ಲಿ ಕೇಳುತ್ತಲೇ ಇರುತ್ತೇನೆ. ನಾನು ಕಂಡದ್ದು ಅಷ್ಟು ಸರಳವಾಗಿರಲಿಲ್ಲ.

ರೋಗಿ

ಐವತ್ತೆಂಟು ದಾಟಿದ ರೈತ. ಅರಕಲಗೂಡು ತಾಲ್ಲೂಕಿನ ಹಳ್ಳಿಯಲ್ಲಿ ಮೂರು ಎಕರೆ ಜಮೀನು, ಎರಡು ಹಸು, ತಮ್ಮನ ಜೊತೆ ಪಾಲಿನಲ್ಲಿ ತಂಬಾಕಿನ ಎಲೆ ಹದಗೊಳಿಸುವ ಒಂದು ಬ್ಯಾರನ್. ಹಾಸನ ಎಂದರೆ ಹೊರಗಿನವರಿಗೆ ಆಲೂಗಡ್ಡೆ, ಸಕಲೇಶಪುರದ ಕಾಫಿ, ಬೇಲೂರಿನ ಶಿಲಾಬಾಲಿಕೆಯರು. ಆದರೆ ಕಾವೇರಿ ದಡದ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಸುತ್ತಲಿನ ಹಳ್ಳಿಗಳ ಮದುವೆ, ಮನೆ, ಸಾಲ ಎಲ್ಲವೂ ಅಲ್ಲಿಯ ದರವನ್ನು ನೋಡಿಕೊಂಡೇ ನಡೆಯುತ್ತವೆ. ಇವರು ಬೆಳೆಯುತ್ತಿದ್ದದ್ದು ಸಿಗರೇಟಿಗೆ ಹೋಗುವ ತಂಬಾಕು, ಬಾಯಿಗೆ ಹಾಕುತ್ತಿದ್ದದ್ದು ಎಲೆ ಅಡಿಕೆಯ ಜೊತೆ ಕಡ್ಡಿಪುಡಿ. ಊರಿನವರಂತೆ ನಾವೂ ಅವರನ್ನು ಗೌಡರೇ ಎಂದೇ ಕರೆಯುತ್ತಿದ್ದೆವು.

ಬಲಗೆನ್ನೆಯ ಒಳಗೆ ಹುಣ್ಣಾದಾಗ ಹಲ್ಲು ಚುಚ್ಚಿದ್ದು ಎಂದುಕೊಂಡು ತಿಂಗಳುಗಟ್ಟಲೆ ಕಳೆದರು. ಹಾಸನದಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿಸಿದ ಮೇಲೆ ಕಿದ್ವಾಯಿ. ನಮ್ಮ ಕಡೆ ಕಿದ್ವಾಯಿಗೆ ಹೋಗಿದ್ದಾರೆ ಎಂದರೆ ರೋಗದ ಹೆಸರನ್ನು ಬೇರೆ ಹೇಳಬೇಕಾಗಿಲ್ಲ. 1973ರಿಂದ ನಡೆದು ಬಂದಿರುವ ಬೆಂಗಳೂರಿನ ಕ್ಯಾನ್ಸರ್ ಸಂಸ್ಥೆ ಅದು. ದವಡೆಯ ಒಂದು ಭಾಗವನ್ನು ತೆಗೆದು, ಎದೆಯ ಸ್ನಾಯುವಿನಿಂದ ಕೆನ್ನೆ ಮುಚ್ಚಿ, ನಂತರ ವಿಕಿರಣ ಕೊಟ್ಟರು. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ 5 ಲಕ್ಷ ರೂಪಾಯಿಯ ಮಿತಿಯಲ್ಲಿ ಚಿಕಿತ್ಸೆ ನಡೆಯಿತು. ಬಸ್ಸು, ಊಟ, ಬೆಂಗಳೂರಿನ ಬಾಡಿಗೆ ಕೋಣೆ, ಆ ವರ್ಷ ನೋಡಿಕೊಳ್ಳುವವರಿಲ್ಲದೆ ಕೊಳೆತುಹೋದ ಶುಂಠಿ, ಇವಕ್ಕೆ ಯಾವ ಕಾರ್ಡೂ ಇಲ್ಲ. ಸೊಸೈಟಿಯ ಸಾಲ, ಹೆಂಡತಿಯ ಸಂಘದ ಸಾಲ, ಷಡ್ಡಕನಿಂದ ಪಡೆದ ಕೈಸಾಲ ಒಂದರ ಮೇಲೊಂದು ಬಂದವು.

ವರ್ಷ ತುಂಬುವುದರೊಳಗೆ ರೋಗ ಮರಳಿತು. ಕೆನ್ನೆಯಲ್ಲಿ ತೂತು ಬಿದ್ದು ಕೀವು, ಎಂಜಲು ಹೊರಗೆ ಸೋರತೊಡಗಿತು. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದ್ದರು. ಮನೆಯವರ ಮಾತಿನಲ್ಲಿ ಮೂಗಿನ ಪೈಪು. ಮಾತು ಅರ್ಥವಾಗದಂತಾದಾಗ ಮೊಮ್ಮಗಳ ಸ್ಲೇಟು ಅವರ ಕೈಗೆ ಬಂತು. ಒಂದನೇ ತರಗತಿಯ ಹುಡುಗಿ ತಾತನಿಗೆ ಬಳಪ ಚೂಪು ಮಾಡಿಕೊಡುತ್ತಿದ್ದಳು. ಗಾಯದ ವಾಸನೆ ಹೆಚ್ಚಿದ ಮೇಲೆ ಬಾಗಿಲಲ್ಲೇ ನಿಲ್ಲತೊಡಗಿದಳು.

ಗೌಡರ ಹಾಸ್ಯ ಮಾತ್ರ ಸ್ಲೇಟಿನ ಮೇಲೆಯೂ ಉಳಿದಿತ್ತು. 2025ರ ಜೂನ್, ಜುಲೈ ತಿಂಗಳು. ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಟಿವಿಯಲ್ಲಿ ಬರುತ್ತಿದ್ದವು. ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತಿದ್ದರು. ಅದನ್ನು ನೋಡಿ ಗೌಡರು ಬರೆದರು: ‘ಎಲ್ಲರ ಹಾರ್ಟು ನಿಲ್ಲುತ್ತಿದೆ. ನನ್ನದು ಟ್ರ್ಯಾಕ್ಟರ್.’ ಆಶಾ ಕಾರ್ಯಕರ್ತೆ ನಕ್ಕರು. ಸಿಸ್ಟರ್ ನಗಲಿಲ್ಲ, ಆ ಸಾಲನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು.

ಭಾನುವಾರ ರಾತ್ರಿ

ಒಂದು ಭಾನುವಾರ ರಾತ್ರಿ ಗೌಡರು ಮೂಗಿನ ಪೈಪನ್ನು ತಾವೇ ಎಳೆದು ಹಾಕಿದರು. ಹೆಂಡತಿ ಎದ್ದು ದೀಪ ಹಾಕಿದಾಗ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಸ್ಲೇಟಿನ ಮೇಲೆ ಮೂರು ಪದ ಇತ್ತು: ‘ನನ್ನ ಲೆಕ್ಕ ಮುಗಿಯಿತು.’

ಹೆಂಡತಿ ಬೆಳಕಾಗುವುದನ್ನೇ ಕಾದು ಆಶಾ ಕಾರ್ಯಕರ್ತೆಯ ಮನೆಗೆ ಹೋದರು. ಅವರು ಸಿಸ್ಟರ್‌ಗೆ ಫೋನ್ ಮಾಡಿದರು. ಸಿಸ್ಟರ್ ಡಾಕ್ಟರರಿಗೆ ತಿಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅದೇ ಮೂರು ಪದಗಳಿಗೆ ತಂಡದಲ್ಲಿ ಮೂರು ಅರ್ಥ ಹುಟ್ಟಿದ್ದವು. ಮೂವರೂ ತಮ್ಮ ಅರ್ಥದ ಬಗ್ಗೆ ನಿಸ್ಸಂದೇಹವಾಗಿದ್ದರು.

ಸ್ಲೇಟಿನ ಬರಹಕ್ಕೆ ದನಿ ಇರುವುದಿಲ್ಲ. ಸಿಟ್ಟಿನಿಂದ ಹೇಳಿದರೋ, ನಿಟ್ಟುಸಿರಿನಿಂದಲೋ, ತಮಾಷೆಗೋ ತಿಳಿಯುವುದಿಲ್ಲ. ಓದಿದವರು ದನಿಯನ್ನು ತಾವೇ ಸೇರಿಸಿಕೊಂಡರು, ಪ್ರತಿಯೊಬ್ಬರೂ ತಾವು ಕಳೆದುಕೊಂಡವರ ದನಿಯನ್ನು.

ಮೂವರು

ಸಿಸ್ಟರ್‌ನ ತಮ್ಮ ಆತ್ಮಹತ್ಯೆ ಮಾಡಿಕೊಂಡು ಬಹಳ ವರ್ಷಗಳಾಗಿವೆ. ಸಾಯುವ ಮುಂಚಿನ ವಾರ ಅವನು ಅಂಗಡಿಯ ಬಾಕಿ ತೀರಿಸಿದ್ದ, ಗೆಳೆಯನ ಬೈಕು ಹಿಂದಿರುಗಿಸಿದ್ದ, ಅಕ್ಕನ ಮನೆಗೆ ಬಂದು ಊಟ ಮಾಡಿ ಶಾಂತವಾಗಿ ಹೋಗಿದ್ದ. ಎಂದೂ ಇಲ್ಲದ ಆ ಶಾಂತಿಯನ್ನು ನೋಡಿ ಮನೆಯವರು ಸಂತೋಷಪಟ್ಟಿದ್ದರು. ಅಂದಿನಿಂದ ಲೆಕ್ಕ ತೀರಿಸುವ ರೋಗಿಯನ್ನು ಕಂಡರೆ ಸಿಸ್ಟರ್‌ಗೆ ನಿದ್ರೆ ಬರುವುದಿಲ್ಲ. ಗೌಡರು ಹಿಂದಿನ ವಾರವಷ್ಟೇ ಸೊಸೈಟಿಯ ಸಾಲ ಕಟ್ಟಿಸಿ, ಒಂದು ಹಸುವನ್ನು ತಮ್ಮನ ಕೊಟ್ಟಿಗೆಗೆ ಕಳಿಸಿದ್ದರು. ಸಿಸ್ಟರ್ ಫೋನಿನಲ್ಲೇ ಆದೇಶ ಕೊಟ್ಟರು: ಒಂದು ಕ್ಷಣವೂ ಒಬ್ಬರನ್ನೇ ಬಿಡಬೇಡಿ, ಬೆಳೆಗೆ ಹೊಡೆಯುವ ಔಷಧಿಗಳನ್ನು ಈಗಲೇ ಬೇರೆ ಮನೆಗೆ ಸಾಗಿಸಿ, ಪೈಪನ್ನು ಇವತ್ತೇ ಮತ್ತೆ ಹಾಕಬೇಕು.

ಡಾಕ್ಟರರು ಎಂಬಿಬಿಎಸ್ ಓದುವಾಗ ಹಾಸ್ಟೆಲಿನ ಪಕ್ಕದ ಕೋಣೆಯ ಸಹಪಾಠಿಯನ್ನು ಕಳೆದುಕೊಂಡವರು. ಅದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ–9 ನಮೂನೆಯಲ್ಲಿ ಅವರು ಎಂಟು ಪ್ರಶ್ನೆಗಳನ್ನು ಅಚ್ಚುಕಟ್ಟಾಗಿ ತುಂಬುತ್ತಾರೆ. ಸಾವಿನ ಯೋಚನೆಯ ಬಗೆಗಿನ ಒಂಬತ್ತನೆಯದರ ಎದುರು ‘ಮನೋವೈದ್ಯರ ಅಭಿಪ್ರಾಯಕ್ಕೆ’ ಎಂದು ಬರೆಯುತ್ತಾರೆ. ಗೌಡರ ಪೈಪಿನ ವಿಷಯ ಕೇಳಿದಾಗ ಅವರು ಕಾನೂನನ್ನು ತೆಗೆದರು. ಜೀವ ಹಿಡಿದಿಡುವ ಚಿಕಿತ್ಸೆ ಬೇಡವೆನ್ನಬಹುದು ಎಂದ ಸುಪ್ರೀಂ ಕೋರ್ಟಿನ 2018ರ ಕಾಮನ್ ಕಾಸ್ ತೀರ್ಪು, ಘನತೆಯ ಸಾವಿನ ಹಕ್ಕಿನ ಕುರಿತು 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಹೊರಡಿಸಿದ ಆದೇಶ, ಎಲ್ಲವನ್ನೂ ವಿವರಿಸಿದರು. ರೋಗಿ ಪೈಪು ಬೇಡವೆಂದರೆ ಅದು ಚಿಕಿತ್ಸೆಯ ನಿರಾಕರಣೆಯೇ ಹೊರತು ಆತ್ಮಹತ್ಯೆಯಲ್ಲ, ನಾವು ಗೌರವಿಸಬೇಕು ಎಂದರು. ಮಾತು ಸರಿಯಾಗಿಯೇ ಇತ್ತು. ಆದರೆ ಆ ಆದೇಶದ ಮಂಡಳಿ, ಸಮಿತಿಗಳೆಲ್ಲ ಇರುವುದು ತಾನೇ ನಿರ್ಧರಿಸಲಾಗದ ಸ್ಥಿತಿಯ ರೋಗಿಗೆ. ಸ್ಲೇಟು ಹಿಡಿದು ಕೂತಿರುವ ಮನುಷ್ಯನನ್ನು ಏಕೆ ಎಂದು ಕೇಳಬಹುದಿತ್ತು. ಗೌರವಿಸುವ ಮೊದಲು ಕೇಳಬೇಕು. ಕೇಳುವ ಆ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಕಾನೂನು ಒಳ್ಳೆಯ ಮರೆಯಾಗಿತ್ತು.

ಆಶಾ ಕಾರ್ಯಕರ್ತೆಯ ಗಂಡ ಬೆಳೆ ನಷ್ಟದ ವರ್ಷ ಆತ್ಮಹತ್ಯೆ ಮಾಡಿಕೊಂಡ ರೈತ. ಸರ್ಕಾರದ 5 ಲಕ್ಷ ರೂಪಾಯಿ ಪರಿಹಾರಕ್ಕಾಗಿ, ಸಾಲ ಬ್ಯಾಂಕಿನದೋ ಕೈಸಾಲವೋ, ಬೆಳೆಗೆ ತೆಗೆದದ್ದೋ ಮದುವೆಗೋ ಎಂದು ಮೇಜಿನಿಂದ ಮೇಜಿಗೆ ಉತ್ತರ ಹೇಳಿದವರು ಅವರು. ಅವರಿಗೆ ಗೌಡರ ಮನಸ್ಸಿಗಿಂತ ಮೊದಲು ಕಂಡದ್ದು ಗೌಡತಿಯ ಮುಂದಿನ ವರ್ಷ. ಪೊಲೀಸರು, ಪಂಚನಾಮೆ, ಊರ ಬಾಯಿ. ಅವರ ಓದಿನಲ್ಲಿ ಆ ಮೂರು ಪದ ಹೆಂಡತಿಗೆ ಬರೆದ ಪತ್ರವಾಗಿತ್ತು.

ಗೌಡತಿ ಬೆಳಗಿನ ಜಾವ ಹುಡುಕಿಕೊಂಡು ಹೋದದ್ದು ಅದೇ ಆಶಾ ಕಾರ್ಯಕರ್ತೆಯನ್ನು. ‘ಬೇರೆಯವರಿಗೆ ಹೇಳಿದರೆ ಊರಿಗೇ ಹೇಳಿದಂತೆ. ಅವಳಿಗೆ ಇದೆಲ್ಲ ಆಗಿಹೋಗಿದೆ, ಬಾಯಿ ಬಿಡುವುದಿಲ್ಲ’ ಎಂದು ಆಮೇಲೆ ನನಗೆ ಹೇಳಿದರು. ಹಲವು ದಿನಗಳಿಂದ ಗಂಡ ರಾತ್ರಿ ಮಲಗದೆ ನಡೆದಾಡುತ್ತಿರುವುದು, ನೋವಿನ ಮಾತ್ರೆಯನ್ನು ಉಳಿಸಲೆಂದು ಎರಡು ತುಂಡು ಮಾಡಿ ಅರ್ಧವನ್ನೇ ಪೈಪಿಗೆ ಹಾಕಿಸುತ್ತಿರುವುದು, ಇದನ್ನೆಲ್ಲ ನಮ್ಮ ಯಾವ ಭೇಟಿಯಲ್ಲೂ ಬಿಡದ ಬಾಯಿ ಆಶಾ ಕಾರ್ಯಕರ್ತೆಯ ಅಡುಗೆಮನೆಯಲ್ಲಿ ತೆರೆದುಕೊಂಡಿತ್ತು. ವೈಯಕ್ತಿಕ ನಷ್ಟದಿಂದ ಆರೈಕೆಗೆ ಆಗುವ ಲಾಭ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಆ ಮಾಹಿತಿ ಬೇರೆ ಯಾವ ದಾರಿಯಿಂದಲೂ ನಮಗೆ ಬರುತ್ತಿರಲಿಲ್ಲ.

ಕೇಳಿದ್ದು

ಮರುದಿನ ನಾಲ್ವರೂ ಹೋದೆವು. ಗೌಡರು ಜಗಲಿಯ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಬೆಂಗಳೂರಿನಿಂದ ಬಂದಿದ್ದ ಮಗ, ಬಾಗಿಲಲ್ಲಿ ತಮ್ಮ, ಒಳಗೆ ಬೀಗರು. ಸ್ಲೇಟು ಎಲ್ಲಿ ಎಂದು ಕೇಳಿದೆ. ಮಗ ಅಟ್ಟದ ಮೇಲೆ ಇಟ್ಟಿದ್ದ. ‘ಅಂಥದ್ದನ್ನೇ ಬರೆಯುತ್ತಾರೆ ಮೇಡಂ, ಮಗು ಓದಿದರೆ?’ ಎಂದ. ಬಚ್ಚಲುಮನೆಯ ಚಿಲಕವನ್ನೂ ಬಿಚ್ಚಿದ್ದರು. ಸಿಸ್ಟರ್ ಇವೆರಡನ್ನೂ ಹೇಳಿರಲಿಲ್ಲ. ಒಂದು ಕ್ಷಣವೂ ಬಿಡಬೇಡಿ ಎಂಬ ಮಾತನ್ನು ಹೆದರಿದ ಮನೆ ಹಾಗೆ ಪಾಲಿಸಿತ್ತು. ಮಾತು ಹೋದ ಮನುಷ್ಯನ ಕೈಯಿಂದ ಬರಹವನ್ನೂ ಕಿತ್ತುಕೊಂಡಿದ್ದರು.

ಸ್ಲೇಟು ತರಿಸಿ, ಮನೆಯವರನ್ನು ಒಳಗೆ ಕಳಿಸಿ, ಎದುರಿಗೆ ಕೂತು ಕೇಳಿದೆ. ‘ಗೌಡರೇ, ಬದುಕಿರುವುದು ಬೇಡ ಅನಿಸುತ್ತಿದೆಯೇ?’ ಹೌದೆಂದು ತಲೆಯಾಡಿಸಿದರು. ‘ನೀವಾಗಿಯೇ ಜೀವ ಕಳೆದುಕೊಳ್ಳಬೇಕು ಎಂದು ಯೋಚಿಸಿದ್ದೀರಾ?’ ಸಿಸ್ಟರ್ ನನ್ನ ಪಕ್ಕದಲ್ಲಿ ಉಸಿರು ಬಿಗಿಹಿಡಿದಿದ್ದರು. ಡಾಕ್ಟರರು ಔಷಧಿಯ ಪೆಟ್ಟಿಗೆ ತೆರೆದು ಅದರೊಳಗೆ ನೋಡುತ್ತಿದ್ದರು.

ಗೌಡರು ಬರೆದರು: ‘ಯೋಚನೆ ಬರುತ್ತದೆ. ಮಾಡುವುದಿಲ್ಲ. ಮಗು ಇದೆ.’

ಹೇಗೆ, ಯಾವಾಗ ಎಂಬುದರ ಬಗ್ಗೆ ಏನಾದರೂ ಗಟ್ಟಿ ಮಾಡಿಕೊಂಡಿದ್ದೀರಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಹಾಗಾದರೆ ಲೆಕ್ಕ ಮುಗಿಯಿತು ಎಂದು ಬರೆದದ್ದು ಸೊಸೈಟಿಯ ಲೆಕ್ಕವೋ, ಬದುಕಿನದೋ? ಬಹಳ ಹೊತ್ತು ಬಳಪ ಹಿಡಿದು ಕೂತು ‘ಎರಡೂ’ ಎಂದು ಬರೆದರು.

ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಮನೆಯವರಿಗೂ ಇದೆ, ಆಸ್ಪತ್ರೆಯವರಿಗೂ ಇದೆ. ಅದನ್ನು ಪರೀಕ್ಷಿಸಿದ ಅಧ್ಯಯನಗಳು, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದೇ ತೋರಿಸಿವೆ. ಕ್ಯಾನ್ಸರ್ ರೋಗಿಗಳನ್ನು ಕೇಳದೆ ಬಿಡುವಷ್ಟು ಅಪಾಯ ಚಿಕ್ಕದೂ ಅಲ್ಲ. 60 ಲಕ್ಷಕ್ಕೂ ಹೆಚ್ಚು ಸ್ವೀಡನ್ ನಿವಾಸಿಗಳ ದಾಖಲೆಗಳನ್ನು ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗ ಪತ್ತೆಯಾದ ಮೊದಲ ವಾರ ಆತ್ಮಹತ್ಯೆಯ ಅಪಾಯ ಕ್ಯಾನ್ಸರ್ ಇಲ್ಲದವರಿಗಿಂತ 12 ಪಟ್ಟು ಮೀರಿತ್ತು, ಮೊದಲ ವರ್ಷದಲ್ಲಿ ಸುಮಾರು 3 ಪಟ್ಟು. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರ್‌ಗಳು ಹೆಚ್ಚು ಅಪಾಯದ ಗುಂಪಿಗೆ ಸೇರುತ್ತವೆ. ಮುಖ, ಮಾತು, ಊಟ ಮೂರನ್ನೂ ಒಟ್ಟಿಗೆ ಕಿತ್ತುಕೊಳ್ಳುವ ರೋಗದ ವಿಷಯದಲ್ಲಿ ಇದಕ್ಕೆ ವಿವರಣೆ ಬೇಕಾಗಿಲ್ಲ.

ನಾನೇ ಕೇಳಬೇಕೆಂದು ಹಿಂದಿನ ದಿನವೇ ನಿರ್ಧರಿಸಿದ್ದೆವು. ತಂಡದಲ್ಲಿ ಅಂಥ ನಷ್ಟವಿಲ್ಲದವಳು ನಾನೊಬ್ಬಳೇ. ಇದನ್ನು ನಿಷ್ಪಕ್ಷಪಾತ ಎಂದು ಕರೆಯಲು ನನಗೆ ಮನಸ್ಸಿಲ್ಲ. ಗೌಡರ ಟ್ರ್ಯಾಕ್ಟರ್ ಮಾತನ್ನು ಸಿಸ್ಟರ್ ಬರೆದುಕೊಂಡ ಹೊತ್ತಿನಲ್ಲಿ ನಾನು ಅದನ್ನು ಬರೀ ತಮಾಷೆಯಾಗಿ ಕೇಳಿದ್ದೆ. ನನ್ನಿಂದ ಆಗುವುದು ಪ್ರಶ್ನೆಯನ್ನು ನಡುಗದೆ ಕೇಳುವುದು, ಅಷ್ಟೇ.

ಕಾಲು

ಉತ್ತರ ಬಂದ ಮೇಲೆ ಡಾಕ್ಟರರ ಮುಖ ಸಡಿಲವಾಯಿತು. ಪ್ರಶ್ನೆ ಮುಗಿದಿತ್ತು, ಅವರ ಕಣ್ಣು ಕೆಲಸ ಶುರು ಮಾಡಿತು. ಗೌಡರು ಕೂತಲ್ಲೇ ಪಾದಗಳನ್ನು ಒಂದೇ ಸಮನೆ ಉಜ್ಜುತ್ತಿದ್ದರು. ಎರಡು ನಿಮಿಷ ಕೂತು ಏಳುತ್ತಿದ್ದರು, ನಾಲ್ಕು ಹೆಜ್ಜೆ ಇಟ್ಟು ಮತ್ತೆ ಕೂರುತ್ತಿದ್ದರು. ‘ಯಾವಾಗಿನಿಂದ ಹೀಗೆ?’ ಎಂದು ಡಾಕ್ಟರರು ಕೇಳಿದರು. ‘ವಾಂತಿ ಮಾತ್ರೆ ಆದ ಮೇಲೆ. ಒಳಗೆ ಕುದಿಯುತ್ತದೆ. ಕಾಲು ನಿಲ್ಲದು’ ಎಂದು ಗೌಡರು ಬರೆದರು.

ಪೈಪಿನ ಊಟದಿಂದ ಓಕರಿಕೆ ಬರುತ್ತದೆಂದು ಪಟ್ಟಣದ ಒಂದು ಕ್ಲಿನಿಕ್‌ನಲ್ಲಿ ಮೆಟೊಕ್ಲೊಪ್ರಮೈಡ್ ಮಾತ್ರೆ ಬರೆಸಿಕೊಂಡಿದ್ದರು. ದಿನಕ್ಕೆ ಮೂರು ಹೊತ್ತು, ವಾರಗಳಿಂದ ನಡೆದಿತ್ತು. ಈ ಮಾತ್ರೆ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಕೆಲವರಲ್ಲಿ ಅದರಿಂದ ಅಕಥೀಸಿಯಾ ಎಂಬ ತೊಂದರೆ ಬರುತ್ತದೆ: ಒಳಗಿನಿಂದ ತಳ್ಳುವ, ಕೂರಲೂ ಮಲಗಲೂ ಬಿಡದ ಚಡಪಡಿಕೆ. ನೋಡುವವರಿಗೆ ಅದು ಆತಂಕದಂತೆ, ಹುಚ್ಚಿನಂತೆ, ಹಟದಂತೆ ಕಾಣುತ್ತದೆ. ಅನುಭವಿಸುವವರಿಗೆ ಈ ಚರ್ಮದಿಂದ ಹೊರಗೆ ಓಡಿಹೋಗಬೇಕು ಎನಿಸುತ್ತದೆ. ಅದು ಆತ್ಮಹತ್ಯೆಯ ಯೋಚನೆಯನ್ನು ತೀವ್ರಗೊಳಿಸಬಲ್ಲದು ಎಂಬುದು ಮನೋವೈದ್ಯಶಾಸ್ತ್ರಕ್ಕೆ ಹಳೆಯ ವಿಷಯ. ನರಗಳ ಮೇಲಿನ ಇಂಥ ದುಷ್ಪರಿಣಾಮಗಳ ಕಾರಣದಿಂದಲೇ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಈ ಮಾತ್ರೆಯನ್ನು ಸಾಮಾನ್ಯವಾಗಿ 5 ದಿನ ಮೀರಿ ಕೊಡಬಾರದೆಂದು ಹೇಳಿತು. ಉಪಶಮನ ಆರೈಕೆಯಲ್ಲಿ ಅದನ್ನು ಹೆಚ್ಚು ದಿನ ಬಳಸುವುದುಂಟು. ಬಳಸುವವರು ಕಾಲು ನೋಡಬೇಕು.

ಸಿಸ್ಟರ್‌ಗೆ ಈ ಕಾಲು ಏಕೆ ಕಾಣಲಿಲ್ಲ? ಅವರು ಇಪ್ಪತ್ತು ವರ್ಷಗಳ ಅನುಭವಿ, ಅಕಥೀಸಿಯಾ ನೋಡದವರಲ್ಲ. ಅವರೇ ಆಮೇಲೆ ಹೇಳಿದರು: ‘ನನ್ನ ತಮ್ಮ ಶಾಂತವಾಗಿದ್ದ. ನಾನು ಶಾಂತಿಯನ್ನೇ ಹುಡುಕುತ್ತಿದ್ದೆ.’ ಅಪಾಯವನ್ನು ಮೊದಲು ಗುರುತಿಸಿದವರು ಸಿಸ್ಟರ್, ಅದರಲ್ಲಿ ಅವರು ಸರಿ. ಆದರೆ ಅದು ಅವರು ಕಾದಿದ್ದ ಬಾಗಿಲಿನಿಂದ ಬರುತ್ತಿರಲಿಲ್ಲ. ಇನ್ನು ಡಾಕ್ಟರರು, ಮನಸ್ಸಿನ ಪ್ರಶ್ನೆಯಿಂದ ಓಡುವವರು, ಅಷ್ಟೇ ತೀಕ್ಷ್ಣವಾಗಿ ಶರೀರವನ್ನು ನೋಡಲು ಕಲಿತಿದ್ದರು. ಅದು ಓಡಿದ್ದರಿಂದ ಬಂದ ಕೌಶಲ ಎಂದು ನನ್ನ ಅನುಮಾನ. ಅವರು ಒಪ್ಪುವುದಿಲ್ಲ.

ಮಾತ್ರೆ ನಿಂತಿತು. ರಕ್ತದೊತ್ತಡ, ಉಸಿರಾಟ ನೋಡಿಕೊಂಡು ಚಡಪಡಿಕೆಗೆ ಪ್ರೊಪ್ರನೊಲಾಲ್, ರಾತ್ರಿಗೆ ಕೆಲವು ದಿನದ ಮಟ್ಟಿಗೆ ಸ್ವಲ್ಪ ಕ್ಲೋನಾಜೆಪಾಮ್ ಕೊಟ್ಟರು. ನೋವಿಗೆ ಮಾರ್ಫಿನ್ ಶುರುವಾಯಿತು, ಅದರ ಜೊತೆಗೆ ತಪ್ಪದೆ ಮಲಬದ್ಧತೆಯ ಔಷಧಿ. ಮಾರ್ಫಿನ್ ಎಂದರೆ ಕೊನೆಯ ಮಾತ್ರೆ ಎಂಬ ನಂಬಿಕೆಯನ್ನು ಬಿಡಿಸುವುದಕ್ಕೆ ಅರ್ಧ ಗಂಟೆ ಹೋಯಿತು. ಈ ಔಷಧಿ ಜಿಲ್ಲೆಗಳಿಗೆ ಸುಲಭವಾಗಿ ತಲುಪಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದದ್ದು, ಆದರೂ ಹಳ್ಳಿಯ ಮನೆಯ ಹೊಸ್ತಿಲಲ್ಲಿ ಅದಕ್ಕೆ ಈಗಲೂ ತಡೆಯಿದೆ. ಒಮ್ಮೆಗೆ ಒಂದು ವಾರಕ್ಕೆ ಸಾಕಾಗುವಷ್ಟು ಮಾತ್ರ ಕೊಟ್ಟು ಮಗಳ ವಶದಲ್ಲಿ ಇಡಿಸಿದೆವು. ಗಾಯಕ್ಕೆ ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುವುದನ್ನು ಸಿಸ್ಟರ್ ಮಗಳಿಗೆ ಕಲಿಸಿದರು. ಅಗ್ಗದ ಈ ಪುಡಿ ವಾಸನೆಯನ್ನು ತಗ್ಗಿಸಿ ಗೌಡರ ಮನಸ್ಸನ್ನು ಎತ್ತಿದಷ್ಟು ನನ್ನ ಯಾವ ಸಮಾಲೋಚನೆಯೂ ಎತ್ತಲಿಲ್ಲ ಎಂದು ಬರೆಯಲು ನನಗೆ ಸಂಕೋಚವಿಲ್ಲ. ನಾಲ್ಕೈದು ದಿನಗಳಲ್ಲಿ ಕಾಲು ನಿಂತಿತು, ನಿದ್ರೆ ಬಂತು, ಮೊಮ್ಮಗಳು ಮಂಚದ ಮೇಲೆ ಕೂರತೊಡಗಿದಳು.

ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ಮನೋಚೈತನ್ಯ ಶಿಬಿರದ ಮನೋವೈದ್ಯರ ಜೊತೆ ಫೋನಿನಲ್ಲಿ ಮಾತಾಡಿ ಯೋಜನೆಯನ್ನು ಖಚಿತಪಡಿಸಿಕೊಂಡೆವು.

ಕಾವಲು

ಸಿಸ್ಟರ್ ಹೇಳಿದ್ದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಈ ಪ್ರಕರಣದ ಕಷ್ಟದ ಭಾಗ. ಕೀಟನಾಶಕಗಳನ್ನು ಮನೆಯಿಂದ ಸಾಗಿಸಿದ್ದು ಉಳಿಯಿತು. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ 1995 ಮತ್ತು 2015ರ ನಡುವೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಯೋಚನೆ ಬಂದ ಗಳಿಗೆಯಲ್ಲಿ ಸಾಧನ ಕೈಗೆ ಎಟುಕದಿದ್ದರೆ ಆ ಗಳಿಗೆ ಕಳೆದುಹೋಗುತ್ತದೆ. ಮಳೆಗಾಲದಲ್ಲಿ ಔಷಧಿ ಬೇಕಾದಾಗ ತಮ್ಮನ ಮನೆಯಿಂದಲೇ ತಂದು ಅಲ್ಲಿಗೇ ಹಿಂದಿರುಗಿಸುವ ಏರ್ಪಾಡಾಯಿತು.

ಚಿಲಕ ವಾಪಸು ಬಂತು. ಸರದಿಯ ಕಾವಲು ನಿಂತಿತು, ಬದಲಿಗೆ ಹೊತ್ತಿಗೊಬ್ಬರು ಜೊತೆಗೆ ಕೂರುವುದೆಂದಾಯಿತು. ನೋಡಲು ಎರಡೂ ಒಂದೇ, ಕೂತವನಿಗೆ ಬೇರೆ. ಸಾವಿನ ಹತ್ತಿರ ಇರುವವರಲ್ಲಿ ತಮ್ಮ ಘನತೆ ಒಡೆದುಹೋಯಿತು ಎಂದುಕೊಳ್ಳುವವರಿಗೆ ಸಾಯುವ ಬಯಕೆ ಹೆಚ್ಚು ಎಂದು ಕೆನಡಾದ ಮನೋವೈದ್ಯ ಹಾರ್ವಿ ಚೋಚಿನೋವ್ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದ್ದಾರೆ. ಚಿಲಕವಿಲ್ಲದ ಬಚ್ಚಲುಮನೆ, ಅಟ್ಟ ಸೇರಿದ ಸ್ಲೇಟು ಇವೆಲ್ಲ ಆ ಲೆಕ್ಕಕ್ಕೇ ಸೇರುವಂಥವು.

ಸುರಕ್ಷಾ ಯೋಜನೆಯನ್ನು ಗೌಡರೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದರು. ಮನಸ್ಸು ಕೆಡುವ ಸೂಚನೆಗಳು, ಆಗ ತಾವೇ ಏನು ಮಾಡುವುದು, ಯಾರ ಬಳಿ ಹೋಗಿ ಕೂರುವುದು, ಯಾರಿಗೆ ತಿಳಿಸುವುದು ಎಂಬ ಕ್ರಮದಲ್ಲಿ. ತಿಳಿಸಬೇಕಾದವರಲ್ಲಿ ಮೊದಲ ಹೆಸರು ಮಗನದ್ದಲ್ಲ, ಸಾಲ ಕೊಟ್ಟ ಷಡ್ಡಕನದ್ದು. ಕೊನೆಯಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416. ಹಗಲು ರಾತ್ರಿ, ಕನ್ನಡದಲ್ಲಿ, ಹಣವಿಲ್ಲದೆ ಮಾತಾಡಬಹುದು. 2022ರಲ್ಲಿ ಶುರುವಾದ ಒಳ್ಳೆಯ ಸೇವೆ. ಅದನ್ನು ಬರೆದ ಮೇಲೆ ಗೌಡರು ತಮ್ಮ ಬಾಯಿ ತೋರಿಸಿ ನನ್ನ ಮುಖ ನೋಡಿದರು. ಮಾತು ಬಾರದವರಿಗೆ ಫೋನಿನ ಸಹಾಯವಾಣಿಯಿಂದ ಏನು ಪ್ರಯೋಜನ? ಆ ಸಾಲಿನ ಮುಂದೆ ‘ಇವಳು ಮಾಡಲಿ’ ಎಂದು ಹೆಂಡತಿಯ ಹೆಸರು ಸೇರಿಸಿದರು. ಬಾಯಿ, ಗಂಟಲಿನ ಕ್ಯಾನ್ಸರ್ ಇಷ್ಟಿರುವ ನಾಡಿನಲ್ಲಿ ಬರೆದು ಮಾತಾಡುವ ದಾರಿಯನ್ನೂ ಯಾರಾದರೂ ಯೋಚಿಸಬೇಕು.

ಇನ್ನೊಂದು ಹೆದರಿಕೆಯನ್ನು ಆಶಾ ಕಾರ್ಯಕರ್ತೆಯೇ ಬಿಡಿಸಿದರು. ಸಹಾಯ ಕೇಳಿದರೆ ಪೊಲೀಸ್ ಕೇಸು ಆಗುತ್ತದೆ ಎಂದು ಮಗ ನಂಬಿದ್ದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ ಎನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಂ ಇಲ್ಲ. ನಾನು ಕಲಂ ಸಂಖ್ಯೆ ಹೇಳಿದಾಗ ಮಗ ಸುಮ್ಮನಿದ್ದ. ಆಶಾ ಕಾರ್ಯಕರ್ತೆ ‘ನಾನು ಠಾಣೆಗೆ ಅಲೆದವಳು, ಕೇಳಪ್ಪ. ಈಗ ಕೇಳಿಕೊಂಡರೆ ಯಾರೂ ಬರುವುದಿಲ್ಲ. ಆಮೇಲೆ ಬರುತ್ತಾರೆ’ ಎಂದ ಮೇಲೆ ಅವನು ಅತ್ತ.

ಪೈಪು? ಅದನ್ನು ಬಲವಂತವಾಗಿ ಹಾಕಲಿಲ್ಲ. ಬಾಯಿಯ ಎಡ ಅಂಚಿನಿಂದ ಒಳಲೆಯಲ್ಲಿ ಗಂಜಿ, ಮಜ್ಜಿಗೆ ಇಳಿಸಿದರು. ಮೊಮ್ಮಗಳಿಗೆ ಹಾಲು ಕುಡಿಸಿದ್ದ ಒಳಲೆಯೇ ಅದು. ಕೆನ್ನೆಯ ತೂತಿನಿಂದ ಸೋರಿಹೋಗಿ ಒಳಗೆ ಇಳಿಯುತ್ತಿದ್ದದ್ದು ಕಡಿಮೆ. ಚಡಪಡಿಕೆ ಇಳಿದ ಮೇಲೆ ಗೌಡರೇ ‘ಪೈಪು ಹಾಕಿ, ಸಣ್ಣದು’ ಎಂದು ಬರೆದರು. ಸಿಸ್ಟರ್ ತೆಳ್ಳನೆಯ ಟ್ಯೂಬ್ ಹಾಕಿದರು.

ತಂಡದೊಳಗೆ

ಗೌಡರನ್ನು ಕೇಳಿದ ಆ ಭೇಟಿ ಮುಗಿಸಿ ಹಾಸನಕ್ಕೆ ಮರಳುವಾಗ ಜೀಪಿನಲ್ಲಿ ಡಾಕ್ಟರರು ತಾವಾಗಿಯೇ ಸಹಪಾಠಿಯ ವಿಷಯ ಹೇಳಿದರು. ಆ ರಾತ್ರಿ ಅವನು ಬಾಗಿಲು ತಟ್ಟಿ ಓದಿಕೊಂಡಿದ್ದೀಯಾ ಎಂದು ಕೇಳಿದ್ದನಂತೆ. ಇವರು ಪರೀಕ್ಷೆ ಇದೆ ಎಂದಿದ್ದರಂತೆ. ಸಿಸ್ಟರ್ ಕೇಳಿಸಿಕೊಂಡರು, ಏನೂ ಹೇಳಲಿಲ್ಲ.

ಇಂಥ ಮೂವರು ಒಂದೇ ತಂಡದಲ್ಲಿ ಸೇರಿದ್ದು ವಿಚಿತ್ರ ಎನಿಸಬಹುದು. ಭಾರತದಲ್ಲಿ 2022ರ ಒಂದೇ ವರ್ಷ ದಾಖಲಾದ ಆತ್ಮಹತ್ಯೆಗಳು 1,70,924. ಪ್ರತಿಯೊಂದು ಆತ್ಮಹತ್ಯೆಗೂ ಆ ವ್ಯಕ್ತಿಯನ್ನು ಬಲ್ಲವರು ಸುಮಾರು 135 ಮಂದಿ ಇರುತ್ತಾರೆ ಎಂದು 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಂದಾಜು ಮಾಡಿತು. ಆ ಗುಣಾಕಾರ ಮಾಡಿದವರಿಗೆ ನಮ್ಮ ತಂಡ ವಿಚಿತ್ರವಾಗಿ ಕಾಣುವುದಿಲ್ಲ. ಅಮೆರಿಕದಲ್ಲೇ 1988ರ ಸಮೀಕ್ಷೆಯೊಂದರಲ್ಲಿ ಮನೋವೈದ್ಯರ ಪೈಕಿ ಅರ್ಧದಷ್ಟು ಮಂದಿ ತಮ್ಮ ರೋಗಿಯೊಬ್ಬರನ್ನು ಆತ್ಮಹತ್ಯೆಯಿಂದ ಕಳೆದುಕೊಂಡಿದ್ದರು. ಅಲ್ಲಿ ಕೇಳಿದ್ದು ರೋಗಿಗಳ ಬಗ್ಗೆ. ತಮ್ಮ, ಗಂಡ, ಗೆಳೆಯ ಆ ಲೆಕ್ಕದಲ್ಲಿ ಇಲ್ಲ.

ಮುಂದಿನ ವಾರದ ಸಭೆಯಲ್ಲಿ ಒಂದೆರಡು ವಿಷಯ ಗಟ್ಟಿಯಾದವು. ಯಾರೂ ತಮ್ಮ ಕಥೆ ಹೇಳಲೇಬೇಕೆಂದಿಲ್ಲ. ಅನುಭವ ಹಂಚಿಕೊಳ್ಳಿ ಎಂದು ಸುತ್ತ ಕೂರಿಸಿ ಹೇಳಿಸುವುದು ನನಗೆ ಹಿಡಿಸದ ಪದ್ಧತಿ. ಬದಲಿಗೆ ಇಂಥ ಪ್ರಕರಣ ಬಂದಾಗ ಯಾರು ಕೇಳುತ್ತಾರೆ, ಯಾರು ನಿರ್ಧರಿಸುತ್ತಾರೆ, ಈ ಸಲ ಯಾರು ದೂರ ಇರುತ್ತಾರೆ ಎಂಬ ಮೂರನ್ನು ಹೊರಡುವ ಮೊದಲೇ ಹೇಳಿಕೊಳ್ಳುವುದು. ದೂರ ಇರುವವರು ಕಾರಣ ಕೊಡಬೇಕಾಗಿಲ್ಲ. ಅಪಾಯವನ್ನು ಮೊದಲು ಗುರುತಿಸಿದವರ ಮಾತನ್ನು ಎಂದೂ ತಳ್ಳಿಹಾಕಬಾರದು, ಆದರೆ ಎಷ್ಟು ಕಾವಲು ಎಂಬುದನ್ನು ಅವರೊಬ್ಬರೇ ತೀರ್ಮಾನಿಸಬಾರದು. ಸಿಸ್ಟರ್ ಇದಕ್ಕೆ ಒಪ್ಪಿದರೂ ಒಂದು ಷರತ್ತು ಹಾಕಿದರು: ಕೇಳದೆ ಬಿಡುವ ತೀರ್ಮಾನವನ್ನೂ ಒಬ್ಬರೇ ಮಾಡಬಾರದು. ಡಾಕ್ಟರರು ಮೇಜು ನೋಡುತ್ತ ಸರಿ ಎಂದರು. ಈಗ ಒಂಬತ್ತನೆಯ ಪ್ರಶ್ನೆಯನ್ನು ಅವರು ಕೇಳುತ್ತಾರೆ. ತುಂಬಾ ವೇಗವಾಗಿ ಕೇಳುತ್ತಾರೆ, ಆದರೂ ಕೇಳುತ್ತಾರೆ.

ಆಶಾ ಕಾರ್ಯಕರ್ತೆಯ ಬಗ್ಗೆ ನಾವು ತಡವಾಗಿ ಯೋಚಿಸಿದೆವು ಎಂದು ಸಿಸ್ಟರ್ ಆಕ್ಷೇಪಿಸಿದರು. ಗೌಡತಿ ರಾತ್ರಿಯೂ ಅವರಿಗೇ ಫೋನ್ ಮಾಡುತ್ತಿದ್ದರು, ಅವರು ಎದ್ದು ಹೋಗುತ್ತಿದ್ದರು. ಈ ಕೆಲಸಕ್ಕೆ ಅವರಿಗೆ ಪ್ರೋತ್ಸಾಹಧನ ಇಲ್ಲ, ರಜೆ ಇಲ್ಲ. ಬಿಡಿಸಲೇ ಎಂದರೆ ಬೇಡ ಎಂದರು. ‘ಒಬ್ಬಳನ್ನೇ ಕಳಿಸಬೇಡಿ, ಅಷ್ಟು ಸಾಕು.’ ರಾತ್ರಿಯ ಕರೆಗಳನ್ನು ತಂಡದ ಸಂಖ್ಯೆಗೆ ತಿರುಗಿಸಿದೆವು. ಗೌಡತಿ ಆದರೂ ಮೊದಲು ಅವರಿಗೇ ಮಾಡುತ್ತಿದ್ದರು.

ನಂತರ

ಗೌಡರು ಶ್ರಾವಣ ಕಳೆದು ಕೆಲವು ದಿನಗಳಲ್ಲಿ ಮನೆಯಲ್ಲೇ ತೀರಿಕೊಂಡರು. ರೋಗದಿಂದ, ಮನೆಯವರ ನಡುವೆ, ನೋವು ಹಿಡಿತದಲ್ಲಿದ್ದಾಗ. ಕೊನೆಯ ವಾರಗಳಲ್ಲಿ ಸಾಯುವ ಮಾತು ಬಂದಾಗಲೆಲ್ಲ ನಾವು ಮತ್ತೆ ಕೇಳಿದೆವು. ಉತ್ತರ ಒಂದೇ ಇತ್ತು: ಬೇಗ ಆಗಲಿ, ತಾನಾಗಿ ಆಗಲಿ.

ಊರಿನಲ್ಲಿ ಮಾತ್ರ ಬೇರೆ ಸುದ್ದಿ ಹಬ್ಬಿತ್ತು. ಚಿಲಕ ಬಿಚ್ಚಿದ್ದು, ಸರದಿಯ ಕಾವಲು, ಔಷಧಿಯ ಡಬ್ಬಗಳು ಹಗಲಿನಲ್ಲೇ ಮನೆಯಿಂದ ಮನೆಗೆ ಹೋದದ್ದು, ಎಲ್ಲವನ್ನೂ ಜನ ನೋಡಿದ್ದರು. ತಿಥಿಗೆ ಬಂದವರಲ್ಲಿ ಕೆಲವರು ಆಶಾ ಕಾರ್ಯಕರ್ತೆಯನ್ನು ಪಕ್ಕಕ್ಕೆ ಕರೆದು ‘ಏನೋ ಮಾಡಿಕೊಂಡರಂತೆ, ಹೌದೇ?’ ಎಂದು ಕೇಳಿದರು. ಮನೆಯಲ್ಲಿ ಆದ ಸಾವಿಗೆ ಕೊಡುವ 4ಎ ನಮೂನೆಯಲ್ಲಿ ಡಾಕ್ಟರರು ಕಾರಣವನ್ನು ಬಿಡಿಸಿ ಬರೆದಿದ್ದರು. ಅದರ ಪ್ರತಿಯನ್ನು ಮಗನಿಗೆ ಕೊಡುವಾಗ ಅಲ್ಲಿ ಕೂತಿದ್ದವರಿಗೆಲ್ಲ ಕೇಳುವಂತೆ ಓದಿ ಹೇಳಿದರು. ಅದರಿಂದ ಎಷ್ಟು ಬಾಯಿ ಮುಚ್ಚಿತೋ ತಿಳಿಯದು, ಗೌಡತಿಗೆ ಧೈರ್ಯ ಬಂತು.

ಪೈಪಿನ ವಿಷಯದಲ್ಲಿ ಸಿಸ್ಟರ್ ಮತ್ತು ಡಾಕ್ಟರರಿಗೆ ಇಂದಿಗೂ ಒಮ್ಮತವಿಲ್ಲ. ಚಡಪಡಿಕೆಯಲ್ಲಿ ಎಳೆದ ಪೈಪನ್ನು ನಿರಾಕರಣೆ ಎಂದು ಎಣಿಸಬಾರದಿತ್ತು, ಅವತ್ತೇ ಹಾಕಿದ್ದರೆ ಅಷ್ಟು ಸೊರಗುತ್ತಿರಲಿಲ್ಲ ಎಂದು ಸಿಸ್ಟರ್. ಅವತ್ತೇ ಹಾಕಿದ್ದರೆ ಗೌಡರು ತಾವಾಗಿ ಅದನ್ನು ಕೇಳುತ್ತಿರಲಿಲ್ಲ ಎಂದು ಡಾಕ್ಟರರು. ಪ್ರಕರಣದ ಕಡತದಲ್ಲಿ ಇಬ್ಬರೂ ತಮ್ಮ ಅಭಿಪ್ರಾಯ ಬರೆದು ಸಹಿ ಮಾಡಿದ್ದಾರೆ, ನಾನು ಎರಡನ್ನೂ ಹಾಗೆಯೇ ಸೇರಿಸಿದ್ದೇನೆ.